ಪೈರುಚಕ್ರ ಮೀಮಾಂಸೆ: ಒಂದು ಸಂರಚನಾತ್ಮಕ ಅನುಸಂಧಾನ

ದಕ್ಷಿಣ ಇಂಗ್ಲೆಂಡಿನ ಗೋಧಿ ಹೊಲಗಳಲ್ಲಿ ಪೈರು ಬಾಗಿ ರಾತ್ರೋರಾತ್ರಿ ಮೂಡುವ ಪೈರುಚಕ್ರಗಳ ಸಂಕಥನವನ್ನು ತಾತ್ವಿಕ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯ. ಈ ವಿನ್ಯಾಸಗಳ ವಿಕಾಸದಲ್ಲಿ ಮೂರು ಯುಗಗಳುಂಟು. 1970ರ ದಶಕದ ಕೊನೆಗೆ ಹ್ಯಾಂಪ್‌ಶೈರಿನಲ್ಲಿ ತೊಡಗಿದ್ದು ಶುದ್ಧವೃತ್ತಯುಗ. ಆಗ ಇದ್ದದ್ದು ಬರೀ ದುಂಡು ಗುರುತು. 1990ರಲ್ಲಿ ವಿಲ್ಟ್‌ಶೈರಿನ ಆಲ್ಟನ್ ಬಾರ್ನ್ಸ್‌ನಲ್ಲಿ ವೃತ್ತಗಳು ಸಾಲುಗಟ್ಟಿ, ಅವಕ್ಕೆ ಬೀಗದ ಕೈಯಂತೆ ಹಲ್ಲುಗಳು ಮೊಳೆತದ್ದು ಚಿತ್ರಲಿಪಿಯುಗ. 2001ರಲ್ಲಿ ಮಿಲ್ಕ್ ಹಿಲ್ಲಿನ ಮೇಲೆ 409 ವೃತ್ತಗಳ ಸುರುಳಿ, 2008ರಲ್ಲಿ ಬಾರ್ಬರಿ ಕಾಸಲ್ ಬಳಿ ಪೈ ಸಂಖ್ಯೆಯ ಹತ್ತು ಅಂಕಿ ಬಿದ್ದದ್ದು ಗಣಿತಯುಗ. ಉಪಯುಗ, ಸಂಧಿಯುಗಗಳೂ ಇವೆ. ಬಿಡಿ, ಅವುಗಳಿಂದ ಯಾರಿಗೂ ಕವಡೆಕಾಸಿನ ಲಾಭವಿಲ್ಲ. ನಿಜವಾಗಿ ವಿಕಾಸಗೊಂಡದ್ದು ವಿದ್ವಾಂಸರ ವಿವರಣೆ. ವೃತ್ತ ಸರಳವಾಗಿದ್ದಾಗ ಹವಾಮಾನತಜ್ಞ ಟೆರೆನ್ಸ್ ಮೀಡನ್ ಅದನ್ನು ಸುಳಿಗಾಳಿಯ ಕೆಲಸವೆಂದರು. ವೃತ್ತಕ್ಕೆ ಬಳೆಗಳು ಸುತ್ತಿಕೊಂಡಾಗ ಅವರ ಸುಳಿಗಾಳಿಗೂ ವಿದ್ಯುತ್ತು ಹರಿದು ಅದು ಪ್ಲಾಸ್ಮಾ ಸುಳಿಯಾಯಿತು. ಹೊಲದಲ್ಲಿದ್ದವರು ಇದನ್ನು ಓದಿ, ಗಾಳಿ ಎಳೆಯಲಾರದ ನೇರ ಗೆರೆಗಳನ್ನು ಬೇಕೆಂದೇ ಎಳೆದರು. ಸಿದ್ಧಾಂತವೇ ವಿನ್ಯಾಸವನ್ನು ಹೆತ್ತಿತು ಎಂಬುದೇ ನಮ್ಮ ಮಂಡನೆ.

ಇಷ್ಟೆಲ್ಲ ಮನುಷ್ಯರಿಂದ ಸಾಧ್ಯವೇ ಎಂಬುದು ಪೂರ್ವಪಕ್ಷ. 1991ರ ಸೆಪ್ಟೆಂಬರಿನಲ್ಲಿ ಸೌತಾಂಪ್ಟನ್ನಿನ ಡಗ್ ಬವರ್, ಡೇವ್ ಚೋರ್ಲಿ ಎಂಬ ಅರವತ್ತು ದಾಟಿದ ಗೆಳೆಯರು ಪತ್ರಿಕೆಯೊಂದರ ಮುಂದೆ ತಮ್ಮ ಉಪಕರಣಗಳನ್ನಿಟ್ಟರು: ಒಂದು ಹಲಗೆ, ಅದರ ಎರಡು ತುದಿಗೆ ಕಟ್ಟಿದ ಹಗ್ಗ, ಮತ್ತು ಒಂದು ಟೋಪಿ. ಟೋಪಿಯ ಅಂಚಿನಿಂದ ಕಣ್ಣೆದುರಿಗೆ ಒಂದು ತಂತಿಯ ಉಂಗುರ ಇಳಿಬಿದ್ದಿತ್ತು. ಅದರೊಳಗೆ ದೂರದ ಮರವನ್ನು ಹಿಡಿದಿಟ್ಟುಕೊಂಡು ನಡೆದರೆ ಕತ್ತಲಲ್ಲೂ ಗೆರೆ ಸೊಟ್ಟಗಾಗದು. ಅವರೇ ತುಳಿದ ಚಕ್ರವೊಂದನ್ನು ಪೈರುಚಕ್ರಗಳ ಪರಿಣತ ಪ್ಯಾಟ್ ಡೆಲ್ಗಾಡೊ ಅಸಲಿಯೆಂದು ಸಾರಿದ ಮೇಲೆ ಗುಟ್ಟು ಹೊರಬಿತ್ತು. ಕೆಲವು ನಕಲಿಯಾದ ಮಾತ್ರಕ್ಕೆ ಎಲ್ಲವೂ ನಕಲಿಯೇ ಎಂಬುದು ಪೂರ್ವಪಕ್ಷದ ಕೊಸರು. ತರ್ಕಕ್ಕೆ ಸರಿ, ಆದರೆ ಕಾಗೆಬಂಗಾರವನ್ನು ಅಪರಂಜಿ ಎಂದ ಅಕ್ಕಸಾಲಿಗನ ಬಳಿ ಮತ್ತೆ ಒರೆ ಹಚ್ಚಿಸುವವರುಂಟೆ? ಸಿಟ್ಟು ಬರುವುದು ಪೆದ್ದುತನಕ್ಕಲ್ಲ. ಅನ್ಯಗ್ರಹದ ಜೀವಿ, ಭೂತಾಯಿಯ ಸಂದೇಶ, ಎಲ್ಲವನ್ನೂ ಒಪ್ಪಬಲ್ಲವರಿಗೆ ಹಲಗೆ ಹಿಡಿದ ಇಬ್ಬರು ಮುದುಕರ ಜಾಣ್ಮೆಯನ್ನು ಒಪ್ಪಲಾಗಲಿಲ್ಲ. ಡಿಗ್ರಿ ಇಲ್ಲದ ಕೈ ಏನು ಮಾಡಿದರೂ ಅದನ್ನು ದೇವರೋ ದೆವ್ವವೋ ಮಾಡಿರಬೇಕು!

ಈ ರೋಗ ಹಳೆಯದು. ಪೈರುಚಕ್ರದ ಆದಿಮ ಪಠ್ಯವೆಂದು ಪಂಡಿತರು ಹಿಡಿದೆತ್ತುವುದು 1678ರ ಹರ್ಟ್‌ಫರ್ಡ್‌ಶೈರಿನ ಕಿರುಹೊತ್ತಗೆಯನ್ನು. ಅದರ ಚಿತ್ರದಲ್ಲಿ ದೆವ್ವ ಕುಡುಗೋಲು ಹಿಡಿದು ದುಂಡಗೆ ಕೊಯ್ಯುತ್ತಿದೆ. ಪೈರು ಅಲ್ಲಿ ಬಾಗಿಲ್ಲ, ಕೊಯ್ದುಹೋಗಿದೆ ಎಂಬ ಆಕ್ಷೇಪವನ್ನು ಕೆಲವರು ಎತ್ತಿದ್ದಾರೆ, ಸಂತೋಷ. ಆದರೆ ಕಥೆ ಶುರುವಾಗುವುದೇ ಕೂಲಿಯ ಜಗಳದಿಂದ. ಓಟ್ಸ್ ಕೊಯ್ಯಲು ಬಡ ಕೂಲಿಯಾಳು ಕೇಳಿದ್ದು ಹೆಚ್ಚಾಯಿತೆಂದು, ನಿನಗಿಂತ ದೆವ್ವವೇ ಕೊಯ್ಯಲಿ ಎಂದು ರೈತ ಶಪಥ ಮಾಡುತ್ತಾನೆ. ಆ ರಾತ್ರಿ ಹೊಲ ಹೊತ್ತಿ ಉರಿದಂತೆ ಕಾಣುತ್ತದೆ. ಬೆಳಗ್ಗೆ ನೋಡಿದರೆ ಯಾವ ಆಳೂ ಕೊಯ್ಯಲಾರದಷ್ಟು ಅಚ್ಚುಕಟ್ಟಾಗಿ ಕೊಯ್ಲು ಮುಗಿದಿದೆ. ಕೂಲಿ ಉಳಿಯಿತು. ಕೊಯ್ದ ಪೈರನ್ನು ಮನೆಗೆ ಸಾಗಿಸುವ ಶಕ್ತಿ ಮಾತ್ರ ಯಜಮಾನನಿಗೆ ಇಲ್ಲವಾಯಿತು ಎಂದು ಹೊತ್ತಗೆ ಹೇಳುತ್ತದೆ.