ಕಡಲೆಪುರಿ ಕಟ್ಟು

ನೌಕರರನ್ನು ಹಿಡಿದಿಟ್ಟುಕೊಳ್ಳುವುದು ಸವಲತ್ತು ಎಂಬ ಮಾತಿಗೆ ನನ್ನ ತಕರಾರಿಲ್ಲ. ಯಾವ ಸವಲತ್ತು ಎಂಬಲ್ಲಿ ಮಾತ್ರ ನನಗೂ ಎಚ್‌ಆರ್‌ನವರಿಗೂ ಹೊಂದುವುದಿಲ್ಲ. ಅವರದು ಟೇಬಲ್ ಟೆನಿಸ್ ಮೇಜು, ಶುಕ್ರವಾರದ ಪಿಜ್ಜಾ. ನನ್ನದು ಒಂದೇ ಸಿದ್ಧಾಂತ: ಸವಲತ್ತು ನೌಕರನ ಮನೆಯ ಹೊಸ್ತಿಲು ದಾಟಿ ಒಳಗೆ ಬರಬೇಕು. ಮೇಜು ಬರುವುದಿಲ್ಲ; ಪಿಜ್ಜಾ ಆಫೀಸಿನಲ್ಲೇ ಮುಗಿದಿರುತ್ತದೆ.

ನಮ್ಮ ಭಾವ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಸೇರಿ, ಅಲ್ಲೇ ರಿಟೈರ್ ಆದವರು. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಎಂದು ಒಂದರ ಹಿಂದೊಂದು ಹುಟ್ಟಿದ ಈ ಕಾರ್ಖಾನೆಗಳು ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಬಸ್ಸು ಎಂದೆಲ್ಲ ಕೊಟ್ಟು, ನೌಕರನ ಜೊತೆಗೆ ಅವನ ಸಂಸಾರವನ್ನೂ ನೇಮಕ ಮಾಡಿಕೊಂಡುಬಿಟ್ಟವು. ಒಮ್ಮೆ ಭಾವನಿಗೆ ಖಾಸಗಿ ಕಂಪನಿಯೊಂದು ಒಂದೂವರೆ ಪಟ್ಟು ಸಂಬಳಕ್ಕೆ ಕರೆಯಿತು. ಅಕ್ಕ ಕೇಳಿದ್ದಿಷ್ಟೇ: “ಅಲ್ಲಿ ಬಸ್ಸು ಮನೆ ಹತ್ರ ಬರುತ್ತೇನ್ರೀ?” ಫಸ್ಟ್ ಶಿಫ್ಟಿನ ಬಸ್ಸು ಹೋದ ಮೇಲೆ ಮಕ್ಕಳನ್ನು ಎಬ್ಬಿಸುವುದು, ಬಸ್ಸು ವಾಪಸು ಬಂದ ಸದ್ದಿಗೆ ಕಾಫಿಗೆ ಹಾಲಿಡುವುದು ಅವಳ ಪದ್ಧತಿ. ಒಂದೂವರೆ ಪಟ್ಟು ಸಂಬಳ ಅಲ್ಲಿಗೇ ಬಿದ್ದುಹೋಯಿತು.

ಎಲ್‌ಟಿಸಿ ಎಂಬ ಪ್ರವಾಸದ ಸವಲತ್ತು ಬೇರೆ. ನಾಲ್ಕು ವರ್ಷದ ಬ್ಲಾಕು ಮುಗಿಯುವುದರೊಳಗೆ ಕಾಶಿಯೋ ಕಾಶ್ಮೀರವೋ ನೋಡಲೇಬೇಕು. ಇಲ್ಲದಿದ್ದರೆ ‘ಲ್ಯಾಪ್ಸ್’ ಆಗುತ್ತದೆ. ಗಂಗೆಯಲ್ಲಿ ಮುಳುಗೆದ್ದ ಅಕ್ಕ ಮೊದಲು ವಿಚಾರಿಸಿದ್ದು ರೈಲು ಟಿಕೆಟ್ ಭದ್ರವಾಗಿದೆಯೇ ಎಂದು. ಆಯುಧಪೂಜೆಗೆ ಕುಟುಂಬಕ್ಕೆಲ್ಲ ಗೇಟು ತೆರೆಯುತ್ತಿತ್ತು. ಕುಂಕುಮ ಹಚ್ಚಿಸಿಕೊಂಡ ಲೇತ್ ಮೆಷಿನ್ನಿಗೆ ಅಕ್ಕ ಭಕ್ತಿಯಿಂದ ಕೈಮುಗಿದು, ಕಡಲೆಪುರಿ ಕಟ್ಟು, ಸ್ವೀಟ್ ಬಾಕ್ಸು ಹೊತ್ತು ಬರುತ್ತಿದ್ದಳು. ಪುರಿಯನ್ನು ಬೀದಿಗೆಲ್ಲ ಹಂಚುವಾಗ “ನಮ್ಮ ಫ್ಯಾಕ್ಟರೀದು” ಅನ್ನುತ್ತಿದ್ದಳು. ‘ನಮ್ಮವರ ಫ್ಯಾಕ್ಟರಿ’ ಅಲ್ಲ, ಗಮನಿಸಿ. ಇನ್ನು ಭಾವ ರಾಜೀನಾಮೆ ಕೊಡಬೇಕೆಂದರೆ ಅವಳ ಸಹಿಯೂ ಬೇಕು.

ಕಾನೂನಿಗೂ ಈ ಮರ್ಮ ಗೊತ್ತು. 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ, ಐದು ವರ್ಷ ಬಿಡದೆ ಕೂತವನಿಗೆ ಸೇವೆಯ ವರ್ಷವೊಂದಕ್ಕೆ ಹದಿನೈದು ದಿನದ ಸಂಬಳ ಸಿಗುತ್ತಿತ್ತು. ಹೆಸರಿಗೆ ನೌಕರನ ದುಡ್ಡು. ಅದು ಕೈಗೆ ಬರುವ ಮುಂಚೆಯೇ ಮಗಳ ಮದುವೆಯ ಛತ್ರಕ್ಕೆ ಅಡ್ವಾನ್ಸ್ ಹೋಗಿರುತ್ತಿತ್ತು.

ಅಕ್ಕನ ಮಗ ಸಾಫ್ಟ್‌ವೇರು. ಕ್ಯಾಬು, ಜಿಮ್ಮು, ಬಿಟ್ಟಿ ಊಟ ಎಲ್ಲವೂ ಇದ್ದ ಕಂಪನಿಗಳನ್ನು ವರ್ಷ ತುಂಬುವುದರೊಳಗೆ ಬಿಟ್ಟು ಬಂದ. ಬಿಟ್ಟಿ ಊಟದಿಂದ ಅಕ್ಕನಿಗೆ ಆದದ್ದು ನಷ್ಟವೇ: “ಅಲ್ಲೇ ತಿಂದ್ಕೊಂಡು ಬರ್ತಾನೆ, ಮಾಡಿದ ಸಾರು ಹಾಗೇ ಉಳಿಯುತ್ತೆ.” ಮಗನ ಕಂಪನಿಯ ಹೆಸರು ಅವಳು ಕಲಿಯುವಷ್ಟರಲ್ಲಿ ಅದು ಹಳೇ ಕಂಪನಿ ಆಗಿರುತ್ತಿತ್ತು.

ಈಗಿನ ಕಂಪನಿಯಲ್ಲಿ ಮಾತ್ರ ಅಲ್ಲಾಡದೆ ಕೂತಿದ್ದಾನೆ. ನಿಷ್ಠೆಗೆಂದು ಅವನಿಗೊಂದು ಗಾಜಿನ ಫಲಕ ಕೊಟ್ಟರು. ಫಲಕ ನಿಜವಾಗಿ ಸಲ್ಲಬೇಕಾದದ್ದು ಅವನ ಅತ್ತೆಯ ಮಂಡಿಗೆ. ಆ ಕಂಪನಿಯ ಆರೋಗ್ಯ ವಿಮೆಯಲ್ಲಿ ಅಪ್ಪ-ಅಮ್ಮ ಅಥವಾ ಅತ್ತೆ-ಮಾವ, ಯಾವುದಾದರೂ ಒಂದು ಜೋಡಿಯನ್ನು ಸೇರಿಸಬಹುದು. ಹಳೇ ಕಾಯಿಲೆಗೂ ದುಡ್ಡು ಸಿಗುತ್ತದೆ. ಯಾವ ಜೋಡಿ ಎಂಬ ಪ್ರಶ್ನೆ ಮನೆಯಲ್ಲಿ ಎಬ್ಬಿಸಿದ ಕುರುಕ್ಷೇತ್ರ ಬೇರೆಯೇ ಪ್ರಬಂಧ. ಭಾವನಿಗೆ ಫ್ಯಾಕ್ಟರಿಯ ಮೆಡಿಕಲ್ ಕಾರ್ಡು ಇನ್ನೂ ಇದ್ದುದರಿಂದ ಕದನ ವಿರಾಮ ಘೋಷಣೆಯಾಗಿ, ಬೀಗಿತ್ತಿಗೆ ಜಯವಾಯಿತು. ಬಲಮಂಡಿ ಹೋದ ವರ್ಷದ ಪಾಲಿಸಿಯಲ್ಲಿ ಬದಲಾಯಿತು, ಎಡಮಂಡಿ ಈ ವರ್ಷದ್ದರಲ್ಲಿ.

ಎಡಮಂಡಿಯೂ ಆದ ಮೇಲೆ ಹುಡುಗ ಬೇರೆ ಕಡೆ ನೋಡುತ್ತಾನೇನೋ ಎಂದು ಅವನ ಮ್ಯಾನೇಜರಿಗೆ ದಿಗಿಲಂತೆ. ಹೆದರಬೇಕಾಗಿಲ್ಲ. ಮಾವನಿಗೆ ಎರಡೂ ಕಣ್ಣಲ್ಲಿ ಪೊರೆ ಬರುತ್ತಿದೆ.