‘ಸಾಕಷ್ಟು ಸಮಯ’ ಎಂದು ಬರೆದ ಪುಣ್ಯಾತ್ಮರಿಗೆ



ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ನೌಕರಿಯಲ್ಲಿದ್ದುಕೊಂಡು ಅರೆಕಾಲಿಕ ಸಂಶೋಧನೆ ಮಾಡುವವರು ತಮ್ಮ ಇಲಾಖೆಯಿಂದ ಎನ್‌ಒಸಿ ತರಬೇಕು. ಅದರಲ್ಲಿ ಮೂರು ಮಾತಿರಬೇಕು. ಓದಲು ಅನುಮತಿ ಇದೆ ಎಂಬುದು ಮೊದಲನೆಯದು. ಕೋರ್ಸ್‌ವರ್ಕ್‌ಗೆ ಬೇಕಾದರೆ ಕೆಲಸದಿಂದ ಬಿಡುಗಡೆ ಮಾಡುತ್ತೇವೆ ಎಂಬುದು ಮೂರನೆಯದು. ಇವೆರಡರ ಮಧ್ಯೆ ಏನೂ ಅರಿಯದಂತೆ ಕೂತಿರುವುದು, ಅಭ್ಯರ್ಥಿಯ ಕರ್ತವ್ಯಗಳು ಸಂಶೋಧನೆಗೆ ಸಾಕಷ್ಟು ಸಮಯ ಕೊಡುತ್ತವೆ ಎಂಬ ಎರಡನೆಯ ಮಾತು. ಆ ಸಾಲು ಹೊಳೆದದ್ದು ಯಾರಿಗೋ, ಈ ಪತ್ರ ಅವರಿಗೆ.

ನಾನು ಆನೇಮಹಲ್ ಸುತ್ತಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಿಕ್ಷಣಶಾಸ್ತ್ರದಲ್ಲಿ ಅರೆಕಾಲಿಕ ಸಂಶೋಧಕಿ. ನನ್ನ ಎನ್‌ಒಸಿಯಲ್ಲಿ ನಿಮ್ಮ ಸಾಲು ಟೈಪಾಗಿ, ಸಹಿಯಾಗಿ, ಮೊಹರು ಬಿದ್ದು ಬಂದಿದೆ. ನನ್ನ ಹತ್ತಿರ ಸಮಯ ಇದೆ ಎಂಬುದಕ್ಕೆ ಈಗ ಸರ್ಕಾರಿ ದಾಖಲೆಯೇ ಉಂಟು. ಆ ಸಮಯ ದಿನದ ಯಾವ ಹೊತ್ತಿನಲ್ಲಿದೆ ಎಂಬುದನ್ನಷ್ಟೇ ತಾವು ತಿಳಿಸಿಕೊಡಬೇಕು.

ಬೆಳಿಗ್ಗೆ ಇರಲಾರದು. ಹಾಲು ಕುಡಿದವರೆಷ್ಟು, ರಾಗಿ ಮಾಲ್ಟ್ ಬೇಡವೆಂದವರೆಷ್ಟು, ಮೊಟ್ಟೆಯವರೆಷ್ಟು, ಬಾಳೆಹಣ್ಣಿನವರೆಷ್ಟು, ನಿನ್ನೆ ಬಾಳೆಹಣ್ಣಿನಲ್ಲಿದ್ದು ಇವತ್ತು ಮೊಟ್ಟೆಗೆ ಪಕ್ಷಾಂತರ ಮಾಡಿದವರೆಷ್ಟು ಎಂದು ಬರೆಯಬೇಕು. ಮೊಟ್ಟೆಯೊಂದಕ್ಕೆ ಬರುವ ಆರು ರೂಪಾಯಿಯಲ್ಲಿ ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲಾ ಮುಗಿಯಬೇಕು. ಅಂಗಡಿಯವನಿಗೆ ಆ ಆದೇಶದ ಪ್ರತಿ ಇನ್ನೂ ತಲುಪಿಲ್ಲ. ಮಧ್ಯಾಹ್ನ ಪಾಠದ ನಡುವೆ ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ. ಸಂಜೆ ಗ್ರಂಥಾಲಯಕ್ಕೆ ಹೋಗೋಣವೆಂದರೆ ಮೊಬೈಲಿಗೆ ಸಂದೇಶ ಬರುತ್ತದೆ: ಇಂಥ ತೋಟದಲ್ಲಿ ಕಾಡಾನೆಗಳಿವೆ, ಓಡಾಡುವವರು ಎಚ್ಚರ.

ರಜೆಯಲ್ಲಿ ಇರಬಹುದೆಂದುಕೊಂಡು 2025ರ ದಸರಾ ರಜೆಯನ್ನು ಎರಡನೇ ಅಧ್ಯಾಯಕ್ಕೆಂದು ಎತ್ತಿಟ್ಟಿದ್ದೆ. ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು; ಗಣತಿದಾರರು ನಮ್ಮಂಥ ಶಿಕ್ಷಕರೇ. ಅರವತ್ತು ಪ್ರಶ್ನೆ, ಒಂದು ಆ್ಯಪ್. ನಮ್ಮ ಕಡೆ ಮನೆ ಇದ್ದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ನೆಟ್‌ವರ್ಕ್ ಇರುವ ಗುಡ್ಡದಲ್ಲಿ ಮನೆ ಇರುವುದಿಲ್ಲ. ಕೆಲಸ ಮುಗಿಯಲಿಲ್ಲವೆಂದು ಸರ್ಕಾರ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಿತು. ಗೈಡ್ ಫೋನ್ ಮಾಡಿದರು. “ರಜೆ ಮುಂದಕ್ಕೆ ಹೋಯ್ತಂತಲ್ಲಮ್ಮ, ಏನ್ಮಾಡ್ತಿದೀರಿ?”

“ಫೀಲ್ಡಲ್ಲಿದೀನಿ ಸರ್, ಮನೆಮನೆ ಸುತ್ತುತಾ ಇದೀನಿ.”

“ವೆರಿ ಗುಡ್. ಅಂತೂ ದತ್ತಾಂಶ ಸಂಗ್ರಹ ಶುರು ಮಾಡಿದ್ರಿ ಅನ್ನಿ.”

ಅವರ ಉತ್ಸಾಹಕ್ಕೆ ತಣ್ಣೀರು ಹಾಕಲು ಮನಸ್ಸಾಗಲಿಲ್ಲ.

ಇನ್ನು ವಿಷಯದ ಕಥೆ. ತೋಟದ ಕೂಲಿಗಳ ಲೈನ್‌ಮನೆ ಮಕ್ಕಳು ಕಾಫಿ ಕುಯ್ಲು ಬಂತೆಂದರೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಯಾಕೆ ಕಾಣೆಯಾಗುತ್ತಾರೆ, ಅಸ್ಸಾಮಿನಿಂದ ತೋಟಗಳಿಗೆ ಬಂದವರ ಮಕ್ಕಳು ಕನ್ನಡ ಹೇಗೆ ಹಿಡಿಯುತ್ತಾರೆ ಎಂದು ನೋಡುವುದು ನನ್ನ ಆಸೆಯಾಗಿತ್ತು. “ಇದು ಸಮಸ್ಯೆಯಮ್ಮ, ಟಾಪಿಕ್ ಅಲ್ಲ” ಎಂದರು ಗೈಡ್. ತಿದ್ದಿ ತಿದ್ದಿ ಕೊನೆಗೆ ಅದು ‘ಹಾಸನ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲಾ ವಿದ್ಯಾರ್ಥಿಗಳ ಹಾಜರಾತಿ ಕುರಿತ ಮನೋಭಾವ: ಲಿಂಗ, ವಾಸಸ್ಥಳ ಹಾಗೂ ಸಂವೇಗಾತ್ಮಕ ಬುದ್ಧಿಶಕ್ತಿಗಳಿಗೆ ಸಂಬಂಧಿಸಿದಂತೆ ಒಂದು ಅಧ್ಯಯನ’ ಆಯಿತು. ಕಾಫಿಯೂ ಹೋಯಿತು, ಅಸ್ಸಾಮೂ ಹೋಯಿತು. ‘ವಾಸಸ್ಥಳ’ದೊಳಗೆ ಆನೆ ಅಡಗಿರಬಹುದೆಂಬ ಆಸೆ ಮಾತ್ರ ಉಳಿಯಿತು.

ಅಡಗಿತ್ತು ಕೂಡ. ‘ಅಡೆತಡೆಗಳಿದ್ದರೂ ಶಾಲೆಗೆ ಬರಲು ನನಗೆ ಇಷ್ಟ’ ಎಂಬ ನನ್ನ ಪ್ರಶ್ನಾವಳಿಯ ಹೇಳಿಕೆಗೆ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗೆ ಐದು ಚೌಕ. ಆರನೇ ತರಗತಿಯ ಹುಡುಗನೊಬ್ಬ ಪೆನ್ಸಿಲ್ ಕಚ್ಚುತ್ತಾ ಎದ್ದು ನಿಂತ. “ಅಡೆತಡೆ ಅಂದ್ರೆ ಆನೆನಾ ಮಿಸ್?”

“ಹಂಗೇ ಅಂದ್ಕೋ.”

“ಒಂಟಿ ಸಲಗ ಭೀಮನಾ, ಗುಂಪಾ? ಭೀಮ ಆದ್ರೆ ಅವನ ಪಾಡಿಗೆ ಅವ್ನು ಹೋಗ್ತಾನೆ, ಬರಬೌದು. ಮರಿ ಇರೋ ಗುಂಪಾದ್ರೆ ನಮ್ಮಪ್ಪ ಕಳ್ಸಲ್ಲ.”

ಅವನು ಮೊದಲ ಚೌಕಕ್ಕೂ ಕೊನೆಯ ಚೌಕಕ್ಕೂ ಟಿಕ್ ಹಾಕಿದ. ನಿಯಮದ ಪ್ರಕಾರ ಆ ಹಾಳೆ ಅಸಿಂಧು. ಇಡೀ ಕಟ್ಟಿನಲ್ಲಿ ಓದುವಂತಿದ್ದದ್ದು ಅದೊಂದೇ.

ಮೇಷ್ಟರ ಕೆಲಸದ ಸಮಸ್ಯೆಯೇ ಮೇಷ್ಟರ ಪ್ರಬಂಧವಾಗಲಿ ಎಂದು ಬೇರೆ ದೇಶದವರಿಗೆ ಹೊಳೆದಿದೆ. ಎಡ್.ಡಿ. ಎಂಬ ವೃತ್ತಿಪರ ಡಾಕ್ಟರೇಟನ್ನು ಹಾರ್ವರ್ಡ್ 1920ರ ದಶಕದಲ್ಲೇ ಶುರು ಮಾಡಿತು. ಇವತ್ತು ಅಮೆರಿಕದ ಎಷ್ಟೋ ಕಡೆ ಹೆಡ್‌ಮಾಸ್ಟರುಗಳು ತಮ್ಮ ಶಾಲೆಯದೇ ತೊಡಕೊಂದನ್ನು ಹಿಡಿದು, ಸಂಬಳ ತೆಗೆದುಕೊಳ್ಳುತ್ತಲೇ ಅದನ್ನು ಮಾಡುತ್ತಾರೆ. (ಅದೇ ಹಾರ್ವರ್ಡ್ ಆಮೇಲೆ ಎಡ್.ಡಿ. ನಿಲ್ಲಿಸಿ ಪಿಎಚ್.ಡಿ.ಗೆ ಬಂದದ್ದನ್ನು ನಮ್ಮ ಗೈಡ್ ಕಿವಿಗೆ ಹಾಕಬೇಡಿ.) ನಮ್ಮಲ್ಲಿ ಪೂರ್ಣಕಾಲಿಕರ ಅಂಗಿಯನ್ನೇ ಅರೆಕಾಲಿಕರಿಗೂ ತೊಡಿಸಿ, ‘ಸಾಕಷ್ಟು ಸಮಯ’ ಎಂಬ ಗುಂಡಿ ಹೊಲಿದುಬಿಟ್ಟಿದ್ದೀರಿ.

ಗಡುವಿನಲ್ಲಿ ಮಾತ್ರ ನೀವು ಧಾರಾಳಿಗಳು. ಆರು ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು, ಹೆಂಗಸೆಂದು ಮತ್ತೆರಡು, ಒಟ್ಟು ಹತ್ತು. ನಾನು ನೋಂದಣಿಯಾದ ವರ್ಷ ಒಂದನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಬರೆದಿರುತ್ತದೆ. ಅದರ ಹಾಜರಾತಿಯನ್ನು ಆದ್ಯಂತ ಅಧ್ಯಯನ ಮಾಡಬಹುದು. ಆದರೆ ಅಷ್ಟು ಆಯಸ್ಸು ವಿಶ್ವವಿದ್ಯಾಲಯಗಳಿಗೂ ಬೇಕಲ್ಲ? ಹೇಮಗಂಗೋತ್ರಿ ಆವರಣದಲ್ಲಿ ಹಾಸನ ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ. ಅದೂ ಸೇರಿ ಒಂಬತ್ತನ್ನು ಮುಚ್ಚಬಹುದೆಂದು ಸಂಪುಟ ಉಪಸಮಿತಿ ಹೇಳಿದ್ದು 2025ರ ಫೆಬ್ರವರಿಯಲ್ಲಿ. ಸಿನಾಪ್ಸಿಸ್‌ಗೆ ಒಪ್ಪಿಗೆ ಸಿಗಲು ಕೂಡ ಕೆಲವರಿಗೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಆದ್ದರಿಂದ ಕೋರಿಕೆ ಇಷ್ಟೇ. ಎರಡನೆಯ ಅಂಶದ ಜೊತೆಗೆ ಒಂದು ಮಾದರಿ ವೇಳಾಪಟ್ಟಿ ಲಗತ್ತಿಸಿ: ಹಾಲು ಇಷ್ಟು ಗಂಟೆಗೆ, ಮೊಟ್ಟೆ ಇಷ್ಟು ಗಂಟೆಗೆ, ಸಂಶೋಧನೆ ಇಷ್ಟು ಗಂಟೆಗೆ. ಅದು ಆಗದಿದ್ದರೆ ಮೊಟ್ಟೆ ಲೆಕ್ಕವನ್ನೇ ಕೋರ್ಸ್‌ವರ್ಕ್ ಎಂದು ಪರಿಗಣಿಸಿ, ನಾಲ್ಕು ಕ್ರೆಡಿಟ್ ಕೊಡಿ. ಉತ್ತರವನ್ನು ಬೇಗ ಬರೆಯಿರಿ; 2027ರ ಜನಗಣತಿ ಬಂದರೆ ನಾನು ಮತ್ತೆ ಫೀಲ್ಡಿನಲ್ಲಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪೂರ್ಣಕಾಲಿಕ ಶಿಕ್ಷಕಿ, ಅರೆಕಾಲಿಕ ಸಂಶೋಧಕಿ
ಆನೇಮಹಲ್, ಸಕಲೇಶಪುರ ತಾಲ್ಲೂಕು

ಅಡಕ: 1. ಎನ್‌ಒಸಿ ನಕಲು. 2. ಅಸಿಂಧು ಹಾಳೆ. 3. ಮೊಟ್ಟೆ ವಿತರಣಾ ವಹಿ (ಇದು ಕೈತಪ್ಪಿನಿಂದ ಸೇರಿದ್ದರೆ ಸಾಹೇಬರು ಶಾಲೆಗೆ ಭೇಟಿ ಕೊಡುವುದರೊಳಗೆ ದಯವಿಟ್ಟು ವಾಪಸು ಕಳಿಸುವುದು).