ವ್ಯವಕಲನ ಮೀಮಾಂಸೆ: ಆಳಂದ, ಅಫಜಲಪುರ, ಜೇವರ್ಗಿ ಪ್ರಕರಣ

ಪೀಠಿಕೆ

ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲಕ್ಕೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅಂದಿನ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲ್ಲೂಕಿನ ಮಳಖೇಡ. ಪ್ರಸ್ತುತ ಮೂರು ತಾಲ್ಲೂಕುಗಳೂ ಅದೇ ಕಲಬುರಗಿ ಜಿಲ್ಲೆಗೆ ಸೇರಿದವು. ಆಚಾರ್ಯನು ಎಂಟು ಪರಿಕರ್ಮಗಳನ್ನು ಹೇಳುತ್ತಾನೆ: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಸಂಕಲಿತ, ವ್ಯುತ್ಕಲಿತ. ಕಡೆಯ ಎರಡನ್ನು ಕಂಡು ಹಿಗ್ಗಬಾರದು. ಅವು ಶ್ರೇಢಿಗಳ ಲೆಕ್ಕ. ಸಾದಾ ಕೂಡುವ, ಕಳೆಯುವ ಲೆಕ್ಕ ಅವನ ಎಂಟರಲ್ಲಿಲ್ಲ. ಇದನ್ನು ಮನೆಯಲ್ಲೇ ಕಲಿತು ಬರುತ್ತಾರೆಂದು ಆ ಮಹಾನುಭಾವ ನಂಬಿದ್ದಂತಿದೆ. ಅಂಥ ನಂಬಿಕೆಯಿಂದ ಶಾಲೆ ನಡೆಯುವುದಿಲ್ಲವಾದ್ದರಿಂದ ಈ ಶಾಸ್ತ್ರವನ್ನು ಆರಂಭಿಸುತ್ತೇವೆ.

ಸೂತ್ರ 1: ಹತ್ತು ಮೀರಿದರೆ ಒಂದು ಕೈಯಲ್ಲಿರಲಿ

ಭಾಷ್ಯ: ಬೆಲ್ಲಕ್ಕೆ 28 ರೂಪಾಯಿ, ಶೇಂಗಾಕ್ಕೆ 35. ಎಂಟೂ ಐದೂ ಹದಿಮೂರು. ಮೂರು ಬರೆ, ‘ಕೈಯಾಗ ಒಂದು’. ಯಾವ ಕೈ ಎಂಬಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿದೆ. ಮಕ್ಕಳು ಎರಡೂ ಕೈ ನೋಡಿಕೊಂಡು, ಬಳಪದ ಪುಡಿಯ ಹೊರತು ಏನೂ ಕಾಣದೆ ಸುಮ್ಮನಾಗುತ್ತಾರೆ. ಆ ಒಂದು ನಿಜವಾಗಿ ಹತ್ತೆಂದು ಕಣ್ಣಿಗೆ ತೋರಿಸಲು ಗಣಿತ ಕಿಟ್‌ನಲ್ಲಿ ಬಿಡಿ ತುಂಡುಗಳೂ ಹತ್ತರ ಪಟ್ಟಿಗಳೂ ಇವೆ. ಮಕ್ಕಳು ಮುಟ್ಟಿದರೆ ಸವೆಯುತ್ತವೆ, ಲೆಕ್ಕಪರಿಶೋಧನೆಗೆ ಕಡಿಮೆ ಬೀಳುತ್ತವೆ. ಆದುದರಿಂದ ಅಲಮಾರಿಯೇ ಅವಕ್ಕೆ ಶಾಸ್ತ್ರೋಕ್ತ ಸ್ಥಾನ.

ಸೂತ್ರ 2: ಕಡ ತಾರದೆ ಕಳೆಯಕೂಡದು

ಭಾಷ್ಯ: ಆದ ಖರ್ಚು 63, ಕೊಟ್ಟದ್ದು 100ರ ನೋಟು. ಸೊನ್ನೆಯಲ್ಲಿ ಮೂರು ಹೋಗದು. ಪಕ್ಕದ ಹತ್ತರ ಮನೆಗೆ ಕಡ ಕೇಳಲು ಹೋದರೆ ಅಲ್ಲೂ ಸೊನ್ನೆ. ನೂರರ ಮನೆಯವರೆಗೂ ನಡೆಯಬೇಕು. ಶಿಕ್ಷಕರ ಹುದ್ದೆ ಖಾಲಿ ಬಿದ್ದ ಶಾಲೆಗಳು ಈ ಸೂತ್ರವನ್ನು ಅನುಭವದಿಂದ ಬಲ್ಲವು. ಕ್ಲಸ್ಟರ್‌ನಲ್ಲಿ ಕೇಳಿದರೆ ಇಲ್ಲ, ತಾಲ್ಲೂಕಿನಲ್ಲಿ ಕೇಳಿದರೆ ಇಲ್ಲ; ಕೊನೆಗೆ ಒಬ್ಬ ಅತಿಥಿ ಶಿಕ್ಷಕರನ್ನು ಕಡ ತಂದು ವರ್ಷ ಕಳೆಯಲಾಗುತ್ತದೆ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ 371(ಜೆ) ವಿಧಿ ಈ ಭಾಗದವರಿಗೆ ಸರ್ಕಾರಿ ಕುರ್ಚಿಯನ್ನು ಮೀಸಲಿಟ್ಟಿದೆ. ಕುರ್ಚಿಯಲ್ಲಿ ಯಾರನ್ನಾದರೂ ಕೂಡಿಸುವುದು ಬೇರೆಯೇ ಪರಿಕರ್ಮ.

ಪೂರ್ವಪಕ್ಷ

ಅಫಜಲಪುರದ ಕಡೆಯ ನಾಲ್ಕನೇ ತರಗತಿಯ ಹುಡುಗಿ ಆಕ್ಷೇಪಿಸುತ್ತಾಳೆ: ‘ಅರವತ್ಮೂರಕ್ಕ ಏಳ ಹಾಕಿದ್ರ ಎಪ್ಪತ್ತ ಆತ್ರಿ ಸರ. ಮ್ಯಾಲ ಮೂವತ್ತ ಹಾಕಿದ್ರ ನೂರ. ಮೂವತ್ತೇಳ ವಾಪಸ್ ಬರ್ತಾವ್ರಿ.’ ಎಲ್ಲಿ ಕಲಿತೆ ಎಂದರೆ, ‘ಸಂತ್ಯಾಗ ಅವ್ವನ ಕೂಡ ಕುಂತಾಗ.’

ಸಿದ್ಧಾಂತ

ಉತ್ತರ ಸರಿ, ಆದುದರಿಂದಲೇ ಅಪಾಯಕಾರಿ. ಕಳೆಯುವ ಲೆಕ್ಕವನ್ನು ಆಕೆ ಕೂಡಿಸಿ ಮಾಡಿದ್ದಾಳೆ. ಸಂಕಲನವನ್ನು ವ್ಯವಕಲನದ ಹುದ್ದೆಗೆ ನಿಯೋಜಿಸಲು ಮೇಲಧಿಕಾರಿಗಳ ಆದೇಶ ಎಲ್ಲಿದೆ? ಉತ್ತರ ಪತ್ರಿಕೆಯಲ್ಲಿ ಒಂದು ಅಂಕಿಯ ನೆತ್ತಿಗೂ ಗೆರೆ ಹೊಡೆದಿಲ್ಲ, ಮೇಲೆ ಒಂಬತ್ತು ಬರೆದಿಲ್ಲ. ಮೌಲ್ಯಮಾಪಕನು ಏನನ್ನು ನೋಡಿ ಅಂಕ ಕೊಡಬೇಕು?

ಈ ಅನಾಚಾರ ಭೀಮಾ ತೀರಕ್ಕಷ್ಟೇ ಸೀಮಿತವಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ 5 ಮಕ್ಕಳನ್ನು ಸಂಶೋಧಕರು ಪರೀಕ್ಷಿಸಿ ಫಲಿತಾಂಶವನ್ನು 1985ರಲ್ಲಿ ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98 ಸರಿ, ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಲ್ಲಿ ಕೊಟ್ಟಾಗ ಸುಮಾರು ಶೇ. 37. ನಮ್ಮ ಹುಡುಗಿಯ ಉತ್ತರವೂ 37 ಆಗಿರುವುದು ಕಾಕತಾಳೀಯವಲ್ಲವೆಂದು ಸಾಧಿಸಲು ಎರಡನೆಯ ಸಂಪುಟವನ್ನು ಮೀಸಲಿಡಲಾಗಿದೆ. ಸಂತೆಯನ್ನು ಶಾಲೆಯೊಳಗೆ ತಂದರೆ ಆ ಅಂತರ ತುಂಬೀತೆಂದು ಕೆಲವರು ವಾದಿಸುತ್ತಾರೆ. ಅದು ಅತಿ ಸುಲಭವಾಗಿರುವುದರಿಂದ ವಿದ್ವತ್ತಿಗೆ ಯೋಗ್ಯವಲ್ಲ.

ಅಪವಾದ

ತೊಗರಿ ರಾಶಿ ಮುಗಿದ ಮೇಲೆ ಆಳಂದ ಭಾಗದ ಕುಟುಂಬಗಳು ಮುಂಬೈ, ಪುಣೆ ಕಡೆ ದುಡಿಯಲು ಹೋಗುತ್ತವೆ. ಜೊತೆಗೆ ಮಕ್ಕಳೂ ಹೋಗುತ್ತಾರೆ. ತರಗತಿಯಿಂದ ಮಕ್ಕಳು ಕಳೆದರೂ ಹಾಜರಿಯಲ್ಲಿ ಮೊತ್ತ ಕಡಿಮೆಯಾಗದಿದ್ದರೆ, ಆ ಕ್ರಿಯೆಗೆ ಮಹಾವೀರಾಚಾರ್ಯನ ಎಂಟರಲ್ಲೂ ನಮ್ಮ ಎರಡರಲ್ಲೂ ಹೆಸರಿಲ್ಲ. ಒಂಬತ್ತನೆಯ ಪರಿಕರ್ಮವೆಂದು ಸ್ವೀಕರಿಸತಕ್ಕದ್ದು.

ನಿರ್ಣಯ

ಸದರಿ ಹುಡುಗಿಗೆ ಸೊನ್ನೆ. ಆದರೆ ಅವಳ ಉತ್ತರ ಪತ್ರಿಕೆ ತಿದ್ದಿದ ಪಂಡಿತರು ಜೇವರ್ಗಿಯಿಂದ ಕಲಬುರಗಿಗೆ ಮರಳುವಾಗ, ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದ ಬಾಕಿ ಚಿಲ್ಲರೆಯನ್ನು ಸೂತ್ರ 2ರ ಪ್ರಕಾರ, ಮನೆಮನೆಗೂ ಕಡ ಕೇಳುತ್ತ, ಎಲ್ಲರಿಗೂ ಕೇಳುವಂತೆ ಲೆಕ್ಕ ಹಾಕಿ ತೋರಿಸತಕ್ಕದ್ದು. ಅಲ್ಲಿಯತನಕ ಬಸ್ಸು ಜೇವರ್ಗಿ ಸ್ಟ್ಯಾಂಡ್ ಬಿಡಕೂಡದು.